ಹಸಿರು ಹ್ಯಾಂಗರಿನ ಗೂಡು

ಕಂಬದ ತುದಿಯಲ್ಲಿ ಕಿಡಿ ಹಾರಿದ್ದನ್ನು ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಕಂಡವಳು ಗಾಬರಿ ಅಕ್ಕ. ಕಾಣದೆ ಇನ್ನೇನು? ಬೆಳಿಗ್ಗೆ ಲಾಂಡ್ರಿಯ ಶಟರ್ ಎತ್ತಿದಾಗಿನಿಂದ ಅವಳ ಒಂದು ಕಣ್ಣು ಇಸ್ತ್ರಿಯ ಮೇಲಿದ್ದರೆ ಇನ್ನೊಂದು ಆ ಕಂಬದ ಮೇಲೆಯೇ ಇರುತ್ತಿತ್ತು. ಚಟಾರನೆ ಒಂದು ಸದ್ದು, ನೀಲಿ ಬೆಳಕು. ಗೂಡಿನಲ್ಲಿದ್ದ ಕಾಗೆ ಸುಟ್ಟ ಕಾಗದದ ಚೂರಿನಂತೆ ಮೇಲಕ್ಕೆ ಹಾರಿತು. ಅಂಗಡಿಯ ಫ್ಯಾನು ತಿರುಗಿ ತಿರುಗಿ ನಿಂತಿತು.

ಕಾಗೆಗೆ ಏನೂ ಆಗಲಿಲ್ಲ ಎಂದು ಮೊದಲು ಖಾತ್ರಿ ಮಾಡಿಕೊಂಡಳು. ಆಮೇಲೆ, ಇದು ನನ್ನಿಂದಲೇ ಆದದ್ದು ಎಂದುಕೊಂಡಳು.

ಬೀದಿಯವರು ಅವಳನ್ನು ಗಾಬರಿ ಅಕ್ಕ ಅಂತಲೇ ಕರೆಯುತ್ತಿದ್ದರು. ಅವಳ ಎದುರಿಗೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಅಂಗಡಿಗೆ ಬೀಗ ಹಾಕಿ ಮೂಲೆ ದಾಟಿದ ಮೇಲೆ ವಾಪಸು ಬಂದು ಬೀಗ ಎಳೆದು ನೋಡುವವಳು. ಗಿರಾಕಿಯ ಷರ್ಟಿನ ಗುಂಡಿ ಬಂದಾಗಲೇ ಬಿದ್ದಿತ್ತೋ ತನ್ನ ಕೈಯಲ್ಲಿ ಬಿತ್ತೋ ಎಂದು ಊಟ ಬಿಟ್ಟು ಯೋಚಿಸುವವಳು. "ನಮ್ಮ ಸೊಸೆ ನಿದ್ದೇಲೂ ಇಸ್ತ್ರಿಪೆಟ್ಟಿಗೆ ಆಫ್ ಮಾಡ್ತಾಳೆ" ಎಂದು ಅತ್ತೆ ಕೌಂಟರಿನಲ್ಲಿ ಕುಳಿತು ಬಂದವರಿಗೆಲ್ಲ ಹೇಳುತ್ತಿದ್ದರು. ಗಂಡ ಸ್ಕೂಟರಿನಲ್ಲಿ ಬಟ್ಟೆ ಹಂಚಲು ಹೋದರೆ ಸಂಜೆಗೇ ಬರುವುದು. ಹಾಗಾಗಿ ಅಂಗಡಿಯೆಂದರೆ ಅತ್ತೆಯೂ ಅವಳೂ, ಇಬ್ಬರೇ.

ಆ ಬೀದಿಯ ತುದಿಯಲ್ಲಿ ಹಿಂದೆ ಒಂದು ದೊಡ್ಡ ಮರವಿತ್ತು. ರಸ್ತೆ ಅಗಲ ಮಾಡುವಾಗ ಅದನ್ನು ಕಡಿದರು. ಮರ ಹೋದರೆ ಹಕ್ಕಿಗಳೂ ಹೋದವು ಎಂದು ಎಲ್ಲರೂ ಅಂದುಕೊಂಡಿದ್ದರು. ಅವು ಎಲ್ಲಿಗೂ ಹೋಗಲಿಲ್ಲ, ಬರೀ ವಿಳಾಸ ಬದಲಾಯಿಸಿದವು. ಗುಬ್ಬಚ್ಚಿ ಔಷಧಿ ಅಂಗಡಿಯ ಬೋರ್ಡಿನ ಟೊಳ್ಳಿನೊಳಗೆ ಸೇರಿತು. ಮೈನಾ ಜೋಡಿಯೊಂದು ಮೂರನೇ ಮಹಡಿಯ ಒಡೆದ ಪೈಪನ್ನು ಮನೆ ಮಾಡಿಕೊಂಡಿತು. ಬ್ಯಾಂಕಿನ ಏಸಿಯಿಂದ ತೊಟ್ಟಿಕ್ಕುವ ನೀರಿನ ಕೆಳಗೆ ಪಾರಿವಾಳಗಳು ಸಾಲು ನಿಂತು ಸ್ನಾನ ಮಾಡುತ್ತಿದ್ದವು; ಕಾಗೆ ಅಲ್ಲಿಗೇ ಒಣಗಿದ ಬ್ರೆಡ್ ಚೂರು ತಂದು ನೆನೆಸಿ ತಿನ್ನುತ್ತಿತ್ತು. ಬುಲ್‌ಬುಲ್ ಅಂತೂ ಎದುರಿನ ಟೈಲರ್ ಅಂಗಡಿಯ ಬಾಗಿಲ ಮೇಲಿನ ದೀಪದ ಬುಟ್ಟಿಯಲ್ಲಿ ದಾರದ ತುಂಡುಗಳಿಂದಲೇ ಬಾಣಂತನ ಮುಗಿಸಿತ್ತು. "ನನ್ನ ಹತ್ರ ಅಳತೆ ಕೊಟ್ಟು ಹೊಲಿಸಿಕೊಂಡಿದ್ದು ಅದೊಂದೇ, ಚೌಕಾಸಿ ಮಾಡದೇ ಇದ್ದಿದ್ದೂ ಅದೊಂದೇ" ಎನ್ನುತ್ತಿದ್ದ ಟೈಲರ್.

ಕಾಗೆಗೆ ಮಾತ್ರ ಎತ್ತರವೇ ಬೇಕು. ಲಾಂಡ್ರಿಗೂ ಟೈಲರ್ ಅಂಗಡಿಗೂ ನಡುವಿನ ಕರೆಂಟು ಕಂಬದ ಮೇಲೆ, ತಂತಿಗಳು ಹಾಯುವ ಕಬ್ಬಿಣದ ಅಡ್ಡಪಟ್ಟಿಯಲ್ಲಿ, ಅದು ಗೂಡಿಗೆ ಜಾಗ ಹಿಡಿಯಿತು. ಜಾಗವೇನೋ ಸಿಕ್ಕಿತು, ಕಡ್ಡಿ? ಮರವಿಲ್ಲದ ಬೀದಿಯಲ್ಲಿ ಕಡ್ಡಿ ಎಲ್ಲಿಂದ ಬರಬೇಕು? ಪ್ಯಾಕಿಂಗ್ ಪಟ್ಟಿ, ಮುರಿದ ಬಾಚಣಿಗೆ, ಕೇಬಲ್ಲಿನ ತುಂಡು ಹೊತ್ತು ತರುತ್ತಿತ್ತು. ಗಾಳಿಗೆ ಎಲ್ಲವೂ ಉದುರಿ ಹೋಗುತ್ತಿತ್ತು. ಒಂದು ಬೆಳಿಗ್ಗೆ ಲಾಂಡ್ರಿಯ ತಾರಸಿಯ ಗೋಡೆಯ ಮೇಲೆ ಕುಳಿತು, ಬಗ್ಗಿಹೋದ ತಂತಿಯ ಹ್ಯಾಂಗರೊಂದನ್ನು ಕೊಕ್ಕಿನಲ್ಲಿ ಎಳೆದು, ಅದು ಬಟ್ಟೆ ಒಣಹಾಕುವ ಹಗ್ಗಕ್ಕೆ ಸಿಕ್ಕಿಕೊಂಡು ಬಾರದೆ, ಸೋತು ನಿಂತಿತ್ತು. ಅಕ್ಕ ಹೋಗಿ ಬಿಡಿಸಿ ಕೊಟ್ಟಳು. ಅಷ್ಟೇ. ಆವತ್ತಿನಿಂದ ಬಗ್ಗಿದ್ದು, ಕೊಕ್ಕೆ ಮುರಿದದ್ದು ಎಲ್ಲವನ್ನೂ ತಾರಸಿಯ ಗೋಡೆಯ ಮೇಲೆ ಇಡತೊಡಗಿದಳು. ಕಾಗೆಯೂ ಶಟರ್ ಸದ್ದಾದ ಕೂಡಲೇ ಹಾಜರಿ ಹಾಕುತ್ತಿತ್ತು.

ಆ ಹ್ಯಾಂಗರುಗಳು ಹಸಿರು. ಯಾವುದೋ ಮುಚ್ಚಿದ ಕಾರ್ಖಾನೆಯಿಂದ ಅತ್ತೆ ಸೋವಿಯಲ್ಲಿ ಮೂಟೆಗಟ್ಟಲೆ ಹೊತ್ತು ತಂದಿದ್ದರು. ಊರಲ್ಲಿ ಬೇರೆ ಯಾವ ಲಾಂಡ್ರಿಯಲ್ಲೂ ಹಸಿರು ಹ್ಯಾಂಗರ್ ಇರಲಿಲ್ಲ. ಗೂಡು ದೊಡ್ಡದಾಗುತ್ತ ಹೋದಂತೆ ಕಂಬದ ತುದಿ ದೂರದಿಂದ ಹಸಿರಾಗಿ ಕಾಣತೊಡಗಿತು. "ನೋಡ್ರಪ್ಪಾ, ಮರ ಕಡಿದ್ರೂ ಕಂಬ ಚಿಗುರಿದೆ!" ಎಂದು ಟೈಲರ್ ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ತೋರಿಸಿದ. ಎಲ್ಲರ ಜೊತೆ ಅಕ್ಕನೂ ನಕ್ಕಳು. ಹ್ಯಾಂಗರಿನ ಬಣ್ಣ ಸುಲಿದ ಕೊಕ್ಕೆಯೊಂದು ತಂತಿಗೆ ತಾಗಿದರೆ ಗತಿಯೇನು ಎಂದು ಹೊಳೆದದ್ದು ಹಾಸಿಗೆಯಲ್ಲಿ ಬಿದ್ದುಕೊಂಡ ಮೇಲೆ. ಮಾರನೆಯ ದಿನವೇ ಹ್ಯಾಂಗರ್ ಇಡುವುದನ್ನು ನಿಲ್ಲಿಸಿದಳು. ನಿಲ್ಲಿಸಿ ಏನು ಬಂತು? ಕಾಗೆಗೆ ದಾರಿ ಗೊತ್ತಾಗಿತ್ತು. ಅಂಗಡಿಯ ಮುಂದಿನ ಸರಳಿನಿಂದ ಗಿರಾಕಿಯ ಪ್ಯಾಂಟನ್ನು ಕೆಳಗೆ ಬೀಳಿಸಿ ಹ್ಯಾಂಗರನ್ನಷ್ಟೇ ಹೊತ್ತೊಯ್ಯುವುದನ್ನು ಅದು ಕಲಿತುಬಿಟ್ಟಿತ್ತು.

ಕಿಡಿ ಹಾರಿದ ಆ ಸಂಜೆ ಅವಳ ತಮ್ಮ ಅಂಗಡಿಗೆ ಬಂದ. ಅವನು ಲೈನ್‌ಮನ್, ಆ ಬಡಾವಣೆಯ ಕಂಬಗಳೆಲ್ಲ ಅವನ ಪಾಲಿಗೆ. ಬಂದವನೇ ತಲೆಯ ಮೇಲೆ ಟವೆಲ್ ಹೊದ್ದುಕೊಂಡು ಒಳಗೆ ನುಗ್ಗಿ ಬಾಗಿಲ ಹಿಂದೆ ನಿಂತ.

"ಏನೋ ಇದು, ಕಳ್ಳನ ಥರ?" ಅತ್ತೆ ಕೇಳಿದರು.

"ನಿಮ್ಮ ಬೀದಿ ಕಾಗೆ ಕಾಟ ಅತ್ತೆ. ಹೋದ ವರ್ಷ ಇನ್ನೊಂದು ಕಂಬದಲ್ಲಿ ಅದರ ಗೂಡು ಕಿತ್ತಿದ್ದೆ. ಅದು ಮರೆತಿಲ್ಲ. ಹಳದಿ ಹೆಲ್ಮೆಟ್ ಹಾಕ್ಕೊಂಡು ಬಂದ್ರೆ ಕುಕ್ಕುತ್ತೆ ಅಂತ ಬಿಳಿದು ಹಾಕ್ಕೊಂಡೆ. ಅದಕ್ಕೂ ಕುಕ್ಕಿತು. ಕನ್ನಡಕ ಹಾಕ್ಕೊಂಡೆ. ನಡಿಗೆ ನೋಡಿ ಗುರುತು ಹಿಡೀತು. ನನ್ನ ಹೆಂಡತಿ ಕೂಡ ನನ್ನನ್ನ ಇಷ್ಟು ದೂರದಿಂದ ಗುರುತು ಹಿಡಿಯಲ್ಲ."

"ಹಿಡೀತಾಳೆ, ಕರೆಯಲ್ಲ ಅಷ್ಟೇ," ಅಂದರು ಅತ್ತೆ.

ಅಕ್ಕನಿಗೆ ನಗು ಬರಲಿಲ್ಲ. "ಆ ಗೂಡನ್ನ ಏನು ಮಾಡ್ತಾರಂತೋ?"

"ನಾಳೆ ತೆಗೀಬೇಕು. ಇಂಜಿನಿಯರ್ ಹೇಳಿಬಿಟ್ಟಿದ್ದಾರೆ. ಆಚೆ ಕ್ಲಿನಿಕ್‌ನಲ್ಲಿ ಲಸಿಕೆ ಫ್ರಿಜ್ ಆಫ್ ಆಯ್ತಂತೆ, ಕೂಗಾಡ್ತಿದ್ದಾರೆ." ಅವನು ಅತ್ತೆ ಕೊಟ್ಟ ಟೀ ಹೀರಿದ. "ಯಾವ ಪುಣ್ಯಾತ್ಮ ಅಷ್ಟೊಂದು ಹ್ಯಾಂಗರ್ ಬೀದಿಗೆ ಎಸೆದನೋ."

ಅವನ ತಲೆಯ ಮೇಲೆಯೇ ಸರಳಿನ ತುಂಬ ಹಸಿರು ಹ್ಯಾಂಗರುಗಳು ತೂಗಾಡುತ್ತಿದ್ದವು. ಅವನು ಮೇಲೆ ನೋಡಲಿಲ್ಲವೋ, ನೋಡಿಯೂ ಹಾಗೆ ಅಂದನೋ ಅವಳಿಗೆ ತಿಳಿಯಲಿಲ್ಲ. ಹೇಳಿಬಿಡಲೇ ಎಂದು ಬಾಯಿ ತೆರೆದಳು. "ಬೆಲ್ಟ್ ಹಾಕ್ಕೊಂಡು ಹತ್ತು" ಎಂದಷ್ಟೇ ಬಂತು.

"ಬೆಲ್ಟ್ ಹಾಕದೆ ನಾನು ಮೆಟ್ಟಿಲೂ ಹತ್ತಲ್ಲ ಕಣೇ, ನೀನು ಹುಟ್ಟಿಸಿದ ಹೆದರಿಕೆಗೆ."

ಬೆಲ್ಟಿಗಿಂತ ದೊಡ್ಡ ಹೆದರಿಕೆಯೊಂದು ಆ ಅಂಗಡಿಯ ಹಿಂದೆಯೇ ಇತ್ತು: ಜನರೇಟರ್. ಕರೆಂಟು ಹೋದಾಗ ಇಸ್ತ್ರಿ ನಿಲ್ಲಬಾರದೆಂದು ಇಟ್ಟುಕೊಂಡದ್ದು. ಅದಕ್ಕೂ ಬೀದಿಯ ಲೈನಿಗೂ ನಡುವೆ, ಒಂದು ಹೊತ್ತಿಗೆ ಎರಡರಲ್ಲಿ ಒಂದನ್ನೇ ಅಂಗಡಿಗೆ ಬಿಡುವ ಚೇಂಜ್‌ಓವರ್ ಸ್ವಿಚ್ ಇತ್ತು. ಅದು ಸುಟ್ಟು ಹೋಗಿ ಬಹಳ ಕಾಲವಾಗಿತ್ತು. ಬರುತ್ತೇನೆಂದ ಎಲೆಕ್ಟ್ರಿಷಿಯನ್ ಬರುತ್ತಲೇ ಇದ್ದ. ಅಲ್ಲಿಯವರೆಗೆ ಜನರೇಟರಿನ ವೈರನ್ನು ನೇರ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವುದೇ ವ್ಯವಸ್ಥೆ. ಅದಕ್ಕೆ ಮುಂಚೆ ಮೇನ್ ಸ್ವಿಚ್ಚಿನ ಹಿಡಿ ಕೆಳಗೆ ಎಳೆಯಲೇಬೇಕು. ಎಳೆಯದಿದ್ದರೆ ಜನರೇಟರಿನ ಕರೆಂಟು ಅಂಗಡಿಯಲ್ಲಿ ನಿಲ್ಲದೆ ಹಿಮ್ಮುಖವಾಗಿ ಬೀದಿಯ ತಂತಿಗೆ ಹರಿಯುತ್ತದೆ. ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದವನ ಕೈಗೇ ಬರುತ್ತದೆ. ತಮ್ಮನಿಗೆ ಕೆಲಸ ಕಲಿಸಿದ ಹಿರಿಯ ಲೈನ್‌ಮನ್ ಬೆರಳು ಕಳೆದುಕೊಂಡದ್ದು ಹಾಗೆಯೇ, ಯಾರದೋ ಮನೆಯ ಜನರೇಟರಿನಿಂದ.

ಅದಕ್ಕಾಗಿಯೇ ಅಕ್ಕ ಅಂಗಡಿಯಲ್ಲಿ ಒಂದು ಕಟ್ಟಳೆ ಮಾಡಿದ್ದಳು. ಮೇನ್ ಕೆಳಗೆ ಎಳೆದವರು ಅದರ ಹಿಡಿಗೆ ಒಂದು ಹ್ಯಾಂಗರ್ ನೇತು ಹಾಕಬೇಕು. ಹ್ಯಾಂಗರ್ ಕಂಡರೆ ಮಾತ್ರ ಜನರೇಟರ್. ಅತ್ತೆಯ ಕಣ್ಣು ಮಂಜು. ಕರೆಂಟಿಲ್ಲದ ಕತ್ತಲೆಯಲ್ಲಿ ಹಿಡಿ ಮೇಲಿದೆಯೋ ಕೆಳಗಿದೆಯೋ ಅವರಿಗೆ ತಿಳಿಯದು, ಹ್ಯಾಂಗರ್ ಕೈಗೆ ತಗಲುತ್ತದೆ. ಇಲ್ಲಿಯವರೆಗೆ ಆ ಕಟ್ಟಳೆ ಒಮ್ಮೆಯೂ ತಪ್ಪಿರಲಿಲ್ಲ.

ಮಾರನೆಯ ಬೆಳಿಗ್ಗೆ ಶಟರ್ ಎತ್ತುವ ಮೊದಲೇ ಅವಳಿಗೆ ಒಂದೇ ಯೋಚನೆ: ಗೂಡು ಕೆಳಗೆ ಬಂದರೆ ಬೀದಿಯವರೆಲ್ಲ ಸೇರುತ್ತಾರೆ, ಹಸಿರು ಹ್ಯಾಂಗರ್ ಯಾರದೆಂದು ಕೇಳುತ್ತಾರೆ. ಕ್ಲಿನಿಕ್ಕಿನವರು ದೂರು ಕೊಟ್ಟರೆ? ಲೈನ್‌ಮನ್‌ನ ಅಕ್ಕನೇ ಕಾಗೆಗೆ ತಂತಿ ಸರಬರಾಜು ಮಾಡುತ್ತಿದ್ದಳೆಂದು ಇಂಜಿನಿಯರ್ ಕಿವಿಗೆ ಬಿದ್ದರೆ? ತಮ್ಮನ ಕೆಲಸಕ್ಕೆ ಸಂಚಕಾರ. ಅವಳು ಸರಳಿನಿಂದ, ಮೂಲೆಯಿಂದ, ಕೌಂಟರಿನ ಕೆಳಗಿನಿಂದ ಹಸಿರು ಹ್ಯಾಂಗರುಗಳನ್ನೆಲ್ಲ ಬಾಚಿ ಬಾಚಿ ಮೂಟೆಗೆ ತುಂಬತೊಡಗಿದಳು. ಹೋಟೆಲಿನವರ ಕೋಟುಗಳು ಬೆಂಚಿನ ಮೇಲೆ ಗುಡ್ಡೆ ಬಿದ್ದವು.

"ಏನೇ ಇದು, ಅಂಗಡಿ ಖಾಲಿ ಮಾಡ್ತಿದ್ದೀಯಾ?" ಅತ್ತೆ ಕನ್ನಡಕ ಹುಡುಕುತ್ತ ಕೇಳಿದರು.

"ಧೂಳು ಹೊಡೀತಿದ್ದೀನಿ ಅತ್ತೆ."

ಅಷ್ಟರಲ್ಲಿ ಹೊರಗೆ ಏಣಿ ಕಂಬಕ್ಕೆ ತಾಗಿದ ಸದ್ದು. ತಮ್ಮನ ದನಿ: "ಅಕ್ಕಾ! ಲೈನ್ ತೆಗೆದಿದ್ದೀನಿ ಕಣೇ!" ಮೂಟೆಯ ಬಾಯಿ ಕಟ್ಟಿಯಾಗಿತ್ತು. ಕೈಯಲ್ಲಿ ಒಂದು ಹ್ಯಾಂಗರ್ ಉಳಿದಿತ್ತು. ಅದನ್ನು ಗೋಡೆಯಲ್ಲಿ ಎಲ್ಲೋ ಸಿಕ್ಕಿಸಿ, ಮೂಟೆಯನ್ನು ಕಾಲಿನಿಂದ ಬೆಂಚಿನ ಕೆಳಗೆ ತಳ್ಳಿ ಅವಳು ಹೊರಗೆ ಓಡಿದಳು.

ಮೂಲೆಯ ಟ್ರಾನ್ಸ್‌ಫಾರ್ಮರಿನಿಂದ ಕಿತ್ತ ಫ್ಯೂಸುಗಳನ್ನು ತಮ್ಮ ತನ್ನ ಪ್ಯಾಂಟಿನ ಜೇಬಿನಲ್ಲೇ ಹಾಕಿಕೊಂಡಿದ್ದ. ಅದು ಅವನ ರೂಢಿ. ಫ್ಯೂಸ್ ತನ್ನ ಮೈಮೇಲಿದ್ದರೆ ಯಾರೂ ಮರೆತು ಲೈನ್ ಹಾಕುವ ಹಾಗಿಲ್ಲ. ಬೀದಿಯ ಅಂಗಡಿ ಅಂಗಡಿಗೂ ಹೋಗಿ ಜನರೇಟರ್ ಹಾಕಬೇಡಿ ಎಂದು ಹೇಳಿಯೂ ಬಂದಿದ್ದ.

"ನಮ್ಮ ಅಂಗಡಿಗೆ ಬರಲೇ ಇಲ್ವಲ್ಲೋ," ಅಂದಳು ಅಕ್ಕ.

"ನಿನಗೂ ಹೇಳ್ಬೇಕಾ? ಇಡೀ ಊರು ಮರೆತರೂ ನೀನು ಮರೆಯಲ್ಲ."

ಆ ಮಾತು ಅವಳಿಗೆ ಹಿತವಾಯಿತು. ಹಿತವಾದದ್ದಕ್ಕೇ ಏನೋ, ಒಳಗೆ ಹೋಗಿ ಅತ್ತೆಗೆ ಒಂದು ಮಾತು ಹೇಳಿ ಬರಬೇಕೆಂದು ಆ ಹೊತ್ತಿಗೆ ತೋಚಲೇ ಇಲ್ಲ.

ಅವನು ಬೆಲ್ಟ್ ಬಿಗಿದು ಹತ್ತಿದ. ಬೀದಿ ಕತ್ತೆತ್ತಿ ನಿಂತಿತು. ಟೈಲರ್ ಮಿಷನ್ ಬಿಟ್ಟು ಬಾಗಿಲಿಗೆ ಬಂದ. ಕೋಟುಗಳಿಗಾಗಿ ಬಂದ ಹೋಟೆಲ್ ಮ್ಯಾನೇಜರ್ ಲಾಂಡ್ರಿಯ ಒಳಗೆ ಅತ್ತೆಯ ಹತ್ತಿರ "ಮಧ್ಯಾಹ್ನ ಪಾರ್ಟಿ ಇದೆ ಅಮ್ಮಾ, ನನ್ನ ಮರ್ಯಾದೆ ನಿಮ್ಮ ಕೈಲಿದೆ" ಎಂದು ಗೋಗರೆಯುತ್ತಿದ್ದ. ಅಕ್ಕನ ಕಿವಿ ಅತ್ತ ಇರಲಿಲ್ಲ.

ತಮ್ಮ ಮೇಲೆ ತಲುಪಿ ಟೆಸ್ಟರ್ ಹಿಡಿದು ತಂತಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಎಲ್ಲ ಸತ್ತಿದ್ದವು. ಹೆಬ್ಬೆರಳು ತೋರಿಸಿದ. ನಿಯಮದ ಪ್ರಕಾರ, ಎಲ್ಲಿಂದಲಾದರೂ ಕರೆಂಟು ಬಂದರೆ ನೆಲಕ್ಕೆ ಇಳಿದುಹೋಗಲೆಂದು, ತಂತಿಗಳಿಗೆ ಅರ್ತ್ ಚೈನನ್ನೂ ಹಾಕಬೇಕು. ಚೈನ್ ಇದ್ದ ಇಲಾಖೆಯ ಗಾಡಿ ಬೆಳಿಗ್ಗೆಯೇ ಇನ್ನೊಂದು ಬಡಾವಣೆಗೆ ಹೋಗಿತ್ತು. ಟೆಸ್ಟರನ್ನು ಜೇಬಿಗಿಟ್ಟುಕೊಂಡು ಅವನು ಗೂಡಿನ ಕಡೆ ತಿರುಗಿದ.

ಅಷ್ಟು ಹೊತ್ತು ನೀರಿನ ಟ್ಯಾಂಕಿನ ಮೇಲೆ ಸುಮ್ಮನೆ ಕುಳಿತಿದ್ದ ಕಾಗೆ ಒಂದೇ ಒಂದು ಸಲ ಕೂಗಿತು. ಎಲ್ಲೆಲ್ಲಿಂದಲೋ ಬಳಗ ಬಂತು. ಏಸಿ ಪೆಟ್ಟಿಗೆಯ ಮೇಲಿನವು, ಮೊಬೈಲ್ ಟವರಿನವು, ಕಸದ ತೊಟ್ಟಿಯವು. ಆಕಾಶ ಕಪ್ಪಾಗಿ ಅವನ ಹೆಲ್ಮೆಟ್ಟಿನ ಮೇಲೆ ಸುತ್ತತೊಡಗಿತು.

"ಎಡಗಾಲು ನೋಡ್ಕೊಳೋ! ಕಣ್ಣಿಗೆ ಕೈ ಅಡ್ಡ ಇಟ್ಕೋ!" ಅಕ್ಕ ಕೂಗಿದಳು. "ಬೆಲ್ಟ್ ಸರಿಯಾಗಿದೆಯೇನೋ?"

"ಅಕ್ಕಾ, ಇನ್ನೊಂದು ಸಲ ಕೂಗಿದ್ರೆ ನಿನ್ನನ್ನೇ ಮೇಲೆ ಹತ್ತಿಸ್ತೀನಿ ನೋಡು!"

ಬೀದಿ ನಕ್ಕಿತು. "ನೀವು ಕೂಗಿದ್ದಕ್ಕೇ ಕಾಗೆಗಳು ಬಂದವು ಅಕ್ಕಾ," ಅಂದ ಟೈಲರ್. "ಅವಕ್ಕೂ ನಿಮ್ಮದೇ ಸ್ವರ." ಅವನು ಮೇಲೆ ನೋಡುತ್ತ ಹುಬ್ಬು ಗಂಟಿಕ್ಕಿದ. "ಆದ್ರೂ ಆ ಹ್ಯಾಂಗರು… ಈ ಬಣ್ಣ ನಾನು ಎಲ್ಲೋ ನೋಡಿದ್ದೀನಿ."

ಅಕ್ಕನ ಮುಖ ಬಿಸಿಯೇರಿತು. ಅವನ ಕಡೆ ನೋಡಲಾರದೆ ಅವನ ಹಿಂದಿನ ಅಂಗಡಿಯೊಳಕ್ಕೆ ನೋಡಿದಳು. ಹೊಲಿಗೆ ಮಿಷನ್ನಿನ ಮೇಲೆ ಹಳೆಯ ಕಾಲದ ಒಂದು ತಂತಿ ಬಲ್ಬು ತೂಗುತ್ತಿತ್ತು. ಬಿಳಿ ದೀಪದಲ್ಲಿ ದಾರದ ಬಣ್ಣ ಸುಳ್ಳು ಹೇಳುತ್ತದೆಂದು ಟೈಲರ್ ಅದನ್ನೇ ಉಳಿಸಿಕೊಂಡಿದ್ದ.

ಆ ಬಲ್ಬು ಕೆಂಪಾಗಿತ್ತು.

ಉರಿಯುತ್ತಿರಲಿಲ್ಲ, ಊದಿದ ಕೆಂಡದ ಹಾಗೆ ಮಿಣುಕುತ್ತಿತ್ತು. ಅದರೊಳಗಿನ ಸುರುಳಿ ಒಮ್ಮೆ ಮಂಕಾಗಿ ಒಮ್ಮೆ ಹೊಳೆದು ಉಸಿರಾಡುತ್ತಿತ್ತು. ಬೀದಿಯ ಫ್ಯೂಸುಗಳೆಲ್ಲ ತಮ್ಮನ ಜೇಬಿನಲ್ಲಿದ್ದವು. ಬೀದಿಯಲ್ಲಿ ಕರೆಂಟು ಎಂಬುದೇ ಇರಬಾರದಾಗಿತ್ತು.

ಆಗ ಅವಳಿಗೆ ಕೇಳಿಸಿತು. ಕಾಗೆಗಳ ಗದ್ದಲದ ಅಡಿಯಲ್ಲಿ, ತನ್ನದೇ ಅಂಗಡಿಯ ಹಿಂದಿನಿಂದ, ಜನರೇಟರಿನ ಸದ್ದು. ಅದು ದಿನದ ಸದ್ದಲ್ಲ. ಭಾರ ಹೊತ್ತು ಏರು ಹತ್ತುವ ಲಾರಿಯಂತೆ ನರಳುತ್ತಿತ್ತು. ಒಂದು ಅಂಗಡಿಯನ್ನಲ್ಲ, ಇಡೀ ಬೀದಿಯನ್ನು ಎಳೆಯುತ್ತಿತ್ತು.

"ಮುಟ್ಟಬೇಡ್ವೋ! ಲೈನ್ ಬಂದಿದೆ! ಮುಟ್ಟಬೇಡ!"

ಬೀದಿ ಮತ್ತೆ ನಕ್ಕಿತು. ಮೇಲಿನಿಂದ ತಮ್ಮ ತಿರುಗಿಯೂ ನೋಡದೆ ಕೈ ಬೀಸಿದ. ಕಾಗೆಗಳ ನಡುವೆ ಅವಳ ಮಾತು ಅವನಿಗೆ ತಲುಪಿತೋ ಇಲ್ಲವೋ; ತಲುಪಿದ್ದರೂ ಬೆಳಿಗ್ಗೆಯಿಂದ ಕೂಗಿದ ಕೂಗುಗಳ ಜೊತೆ ಅದೂ ಒಂದಾಗಿತ್ತು. ಇಲ್ಲಿಯೇ ನಿಂತು ಕೂಗಲೇ? ಏಣಿ ಹಿಡಿದು ಅಲುಗಾಡಿಸಲೇ? ಬಿದ್ದರೆ? ಎಷ್ಟೋ ವರ್ಷ ಆಗದ್ದಕ್ಕೆಲ್ಲ ಹೆದರಿದ ಹೆಣ್ಣು, ಆಗುತ್ತಿರುವುದರ ಎದುರು ಕಲ್ಲಿನಂತೆ ನಿಂತಳು. ಆಮೇಲೆ ಅವಳ ಕಾಲುಗಳು ತಾವೇ ಓಡಿದವು.

ಒಳಗೆ ಕಣ್ಣಿಗೆ ಕತ್ತಲೆ ಕವಿಯಿತು. ಹೋಟೆಲ್ ಮ್ಯಾನೇಜರನ್ನು ತಳ್ಳಿದಳೋ, ಅವನೇ ಸರಿದನೋ. ಗೋಡೆಯ ಮೇನ್ ಸ್ವಿಚ್ಚಿನ ಹಿಡಿಗೆ ಒಂದು ಹಸಿರು ಹ್ಯಾಂಗರ್ ನೇತಾಡುತ್ತಿತ್ತು. ಹಿಡಿ ಮೇಲೇ ಇತ್ತು.

ಎರಡೂ ಕೈಯಲ್ಲಿ ಹಿಡಿದು ಕೆಳಗೆ ಎಳೆದಳು. ಹ್ಯಾಂಗರ್ ಜಾರಿ ಅವಳ ಪಾದದ ಮೇಲೆ ಬಿತ್ತು. ಹಿಂದುಗಡೆ ಜನರೇಟರ್ ಹೊರೆ ಇಳಿಸಿದಂತೆ ಒಮ್ಮೆಲೇ ಹಗುರಾಗಿ ತನ್ನ ದಿನದ ದನಿಗೆ ಬಂತು.

"ಯಾಕೇ? ಏನಾಯ್ತು?" ಅತ್ತೆ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು ಕೇಳಿದರು. "ಹ್ಯಾಂಗರ್ ಇತ್ತಲ್ಲೇ. ಕೈಯಿಂದ ಮುಟ್ಟಿ ನೋಡೇ ಜನರೇಟರ್ ಹಾಕಿದ್ದು."

ಅಕ್ಕ ಪಾದದ ಮೇಲೆ ಬಿದ್ದ ಹ್ಯಾಂಗರ್ ನೋಡಿದಳು. ಕೈಯಲ್ಲಿ ಉಳಿದ ಒಂದು ಹ್ಯಾಂಗರ್. ಗೋಡೆಯಲ್ಲಿ ಎಲ್ಲೋ ಸಿಕ್ಕಿಸಿದ್ದು. ಎಷ್ಟೋ ದಿನದ ರೂಢಿಯಲ್ಲಿ ಕೈ ತಾನಾಗಿಯೇ ಆ ಹಿಡಿಯನ್ನು ಹುಡುಕಿಕೊಂಡು ಹೋಗಿತ್ತು. ಹ್ಯಾಂಗರ್ ಬಚ್ಚಿಡುವ ಆತುರದಲ್ಲಿ, ಮೇನ್ ಎಳೆಯದೆಯೇ, ಮೇನ್ ಎಳೆದಿದೆ ಎಂದು ಅತ್ತೆಗೆ ಅವಳೇ ಹೇಳಿ ಹೋಗಿದ್ದಳು.

ಹೊರಗೆ ಹೋಗಿ ನೋಡಬೇಕು. ಆದರೆ ಹಿಡಿಯಿಂದ ಕೈ ಬಿಡಲು ಆಗಲಿಲ್ಲ. ಹೊರಗೆ ಬೀದಿಯ ನಗು ನಿಂತಿತ್ತು. ಯಾಕೆ ನಿಂತಿತು? ಕಾಗೆಗಳು ಕೂಗುತ್ತಿದ್ದವು, ಮನುಷ್ಯರ ಸದ್ದಿಲ್ಲ. ಬಿಳಿ ಹೆಲ್ಮೆಟ್, ತಂತಿಗೆ ಜೋತು ಬಿದ್ದ ಬೆಲ್ಟು, ಅವನ ಹೆಂಡತಿಯ ಮುಖ, ಚಿಕ್ಕವನಿದ್ದಾಗ ತಾನು ಗುಂಡಿ ಹಾಕಿ ಶಾಲೆಗೆ ಕಳಿಸುತ್ತಿದ್ದ ಅವನ ಷರ್ಟು, ಎಲ್ಲವೂ ಕಣ್ಣ ಮುಂದೆ ಬಂದು ಹೋದವು. ಒಂದು ಮಾತು ಕೇಳಲಿ, ದೇವರೇ, ಯಾವ ಮಾತಾದರೂ ಸರಿ.

"ಅಯ್ಯೋ ನಿನ್ನ ಮನೆ ಹಾಳಾಗ! ಹೆಲ್ಮೆಟ್ಟೇ ಹೊಡ್ಕೊಂಡು ಹೋಯ್ತಲ್ರೋ!"

ತಮ್ಮನ ಬೈಗುಳ. ಅದರ ಹಿಂದೆಯೇ ಬೀದಿಯ ನಗು, ಮುಂಚಿಗಿಂತ ಜೋರಾಗಿ. ಅಕ್ಕ ಗೋಡೆಗೆ ಒರಗಿದಳು.

ಆಗಿದ್ದು ಇಷ್ಟು. ಅವನು ಗೂಡಿಗೆ ಕೈ ಚಾಚುವ ಹೊತ್ತಿಗೆ ಆ ಹಳೆಯ ವೈರಿ ನೇರ ಮುಖದ ಮೇಲೆ ಎರಗಿತ್ತು. ಅವನು ಚಾಚಿದ ಕೈ ಹಿಂದಕ್ಕೆಳೆದು, ಏಣಿಯಲ್ಲಿ ಕೆಳಗೆ ಜಾರಿ, ಕಂಬವನ್ನು ತಬ್ಬಿಕೊಂಡು ತಲೆ ಬಗ್ಗಿಸಿ ಕುಳಿತುಬಿಟ್ಟಿದ್ದ. ಬೀದಿ ಉಸಿರು ಬಿಗಿಹಿಡಿದು ನೋಡುತ್ತಿತ್ತು. ಕೊನೆಗೆ ಹೆಲ್ಮೆಟ್ ಮಾತ್ರ ಟೈಲರನ ಪಾದದ ಬಳಿ ಬಂದು ಬಿತ್ತು.

ಅವನು ಇಳಿದು ಬಂದಾಗ ಅಕ್ಕ ಏಣಿಯ ಬುಡದಲ್ಲಿ ನಿಂತಿದ್ದಳು. ಅತ್ತೆಯ ಕೈಗೆ ಮೇನ್ ಒಪ್ಪಿಸಿ ಬಂದಿದ್ದಳು.

"ನೋಡಿದ್ಯೇನೇ ಅದರ ದ್ವೇಷ—"

"ಲೈನ್‌ನಲ್ಲಿ ಕರೆಂಟ್ ಇತ್ತು ಕಣೋ," ಅಂದಳು. ಬೀದಿ ಕೇಳಿಸಿಕೊಳ್ಳುತ್ತಿತ್ತು, ಕೇಳಿಸಿಕೊಳ್ಳಲಿ. "ನಮ್ಮ ಜನರೇಟರ್‌ದು. ಮೇನ್ ಎಳೆದಿರಲಿಲ್ಲ. ಹಿಡಿಗೆ ಹ್ಯಾಂಗರ್ ಹಾಕಿದ್ದು ನಾನೇ. ಅತ್ತೆ ತಪ್ಪಿಲ್ಲ. ಆ ಗೂಡಿನ ಹ್ಯಾಂಗರೂ ನಮ್ಮದೇ, ಕಾಗೆಗೆ ನಾನೇ ಇಡ್ತಿದ್ದೆ."

ತಮ್ಮ ನಕ್ಕ. ಆಮೇಲೆ ಅವಳ ಮುಖ ನೋಡಿದ. ಅವನ ನಗು ಮುಖದ ಮೇಲೆಯೇ ಎಲ್ಲಿ ಹೋಗಬೇಕೆಂದು ತಿಳಿಯದೆ ನಿಂತಿತು. ತನ್ನ ಬಲಗೈಯನ್ನು ಮುಂದೆ ಹಿಡಿದು, ಅಂಗೈ ತಿರುಗಿಸಿ ನೋಡಿಕೊಂಡ. ಫುಟ್‌ಪಾತಿನ ಅಂಚಿನಲ್ಲಿ ಕುಳಿತ. ಟೈಲರ್ ಹೋಗಿ ನೀರು ತಂದು ಕೊಟ್ಟ. ಬಣ್ಣದ ಮಾತು ಮತ್ತೆ ಎತ್ತಲಿಲ್ಲ.

"ಬೈಯೋ," ಅಂದಳು ಅಕ್ಕ. "ಏನಾದ್ರೂ ಅನ್ನು."

"ಏನು ಬೈಯ್ಲಿ? ಚೈನ್ ಇಲ್ಲದೆ ಹತ್ತಿದವನು ನಾನು." ನೀರು ಕುಡಿದು ಲೋಟ ಕೆಳಗಿಟ್ಟ. "ನೀನು ಕೂಗಿದ್ದು ಕೇಳಿಸ್ತು ಕಣೇ. ಕೇಳಿಸಿಯೂ ಕೈ ಬೀಸಿದೆ."

ಮೇಲೆ ಗೂಡಿನಲ್ಲಿ ಮರಿಗಳು ಕಿರುಚುತ್ತಿದ್ದವು. ಅವಕ್ಕೆ ಹಸಿವು, ಬೇರೆ ಯಾವುದೂ ಗೊತ್ತಿರಲಿಲ್ಲ.

"ಬಿಟ್ಟುಬಿಡೋ ಇವತ್ತಿಗೆ."

"ಬಿಟ್ಟರೆ ಇನ್ನೊಂದು ಕಿಡಿ. ಮರಿಗಳೇ ಸುಟ್ಟು ಹೋಗ್ತವೆ." ಅವನು ಎದ್ದ. ಆಫೀಸಿಗೆ ಫೋನ್ ಮಾಡಿ, ಚೈನ್ ಬರುವ ತನಕ ಹತ್ತುವುದಿಲ್ಲ ಎಂದು ಇಂಜಿನಿಯರಿಗೇ ಹೇಳಿದ. ಗಾಡಿ ಬಂತು. ಚೈನ್ ಹೆಗಲಿಗೆ ಹಾಕಿಕೊಂಡು ಅಕ್ಕನ ಕಡೆ ತಿರುಗಿದ. "ನೀನು ಒಳಗೆ ಹೋಗು. ಪ್ಲಗ್ ಕಿತ್ತು ಹಾಕು, ಮೇನ್ ಹಿಡ್ಕೊಂಡು ನಿಂತ್ಕೋ. ಯಾರು ಬಂದು ಆಯ್ತು ಅಂದ್ರೂ ಬಿಡ್ಬೇಡ. ನಾನೇ ಬಂದು ಹೇಳ್ಬೇಕು."

"ನಾನಾ? ಇಷ್ಟೆಲ್ಲ ಆದ ಮೇಲೂ?"

"ನೀನೇ. ಇನ್ಯಾರ ಮೇಲೂ ನನಗೆ ನಂಬಿಕೆ ಇಲ್ಲ."

ಅವಳು ಕತ್ತಲ ಅಂಗಡಿಯಲ್ಲಿ ಹಿಡಿಯನ್ನು ಹಿಡಿದು ನಿಂತಳು. ಪ್ಲಗ್ ಕಿತ್ತಿತ್ತು, ಜನರೇಟರ್ ತಣ್ಣಗಿತ್ತು, ಹಿಡಿ ಕೆಳಗಿತ್ತು. ಹೆದರಲು ಏನೂ ಉಳಿದಿರಲಿಲ್ಲ, ಆದರೂ ಅಂಗೈ ಬೆವರಿ ಜಾರುತ್ತಿತ್ತು. ಹೋಟೆಲ್ ಮ್ಯಾನೇಜರ್ ಸುಕ್ಕು ಕೋಟುಗಳನ್ನೇ ಹೊತ್ತುಕೊಂಡು ಹೋದ. ಟೈಲರ್ ಬಾಗಿಲಿಗೆ ಬಂದು "ಆಯ್ತು ಅಕ್ಕಾ, ಗೂಡು ಇಳೀತು" ಎಂದ. ಅವಳು ಬಿಡಲಿಲ್ಲ. ಅತ್ತೆ "ಸಾಕು ಬಾರೇ, ಕೈ ನೋಯುತ್ತೆ" ಎಂದರು. ಬಿಡಲಿಲ್ಲ. ಕೊನೆಗೆ ತಮ್ಮನೇ ಬಂದ. ಮುಖದ ತುಂಬ ಗೀರು, ಕೈಯಲ್ಲಿ ಲಾಂಡ್ರಿಯ ಪ್ಲಾಸ್ಟಿಕ್ ಬುಟ್ಟಿ. ಬುಟ್ಟಿಯಲ್ಲಿ ಹಸಿರು ತಂತಿಯ ಗೂಡು, ಅದರ ನಡುವೆ ಬಟ್ಟೆ ಚೂರು, ಟೈಲರನ ದಾರ, ಲಾಂಡ್ರಿಯ ಚೀಟಿ ಹಾಸಿದ ಮೆತ್ತೆ; ಮೆತ್ತೆಯ ಮೇಲೆ ಕೆಂಪು ಬಾಯಿ ತೆರೆದ ಮರಿಗಳು.

"ನಾನೇ ಹೇಳ್ತಿದ್ದೀನಿ," ಅಂದ. "ಬಿಡು."

ಬುಟ್ಟಿಯನ್ನು ತಾರಸಿಯ ಗೋಡೆಯ ಮೇಲೆ ಕಟ್ಟಿದರು. ತಾಯಿ ಕಾಗೆ ಬರುತ್ತದೋ ಇಲ್ಲವೋ ಎಂದು ಅಕ್ಕ ನೀರಿನ ಟ್ಯಾಂಕಿನ ಮರೆಯಲ್ಲಿ ಸಂಜೆಯವರೆಗೆ ಕುಕ್ಕರಗಾಲಲ್ಲಿ ಕುಳಿತಳು. ಬಂತು. ಬುಟ್ಟಿಯ ಸುತ್ತ ನಡೆದು, ಅಂಚನ್ನು ಕುಕ್ಕಿ ನೋಡಿ, ಇದೂ ಆಗುತ್ತದೆ ಎಂಬಂತೆ ಒಳಗಿಳಿಯಿತು.

ಎಲೆಕ್ಟ್ರಿಷಿಯನ್‌ನನ್ನು ಅತ್ತೆ ಮನೆಯಿಂದಲೇ ಎಬ್ಬಿಸಿ ಕರೆತಂದರು. ಹೊಸ ಚೇಂಜ್‌ಓವರ್ ಬಂತು. ಅಕ್ಕ ಹಸಿರು ಹ್ಯಾಂಗರುಗಳ ಮೂಟೆಗಳನ್ನು ಗುಜರಿಗೆ ಹಾಕಿ, ಮರದ ಹ್ಯಾಂಗರ್ ತರಿಸಿದಳು. ಮರಿಗಳು ಹಾರಿಹೋದವು. ಬುಟ್ಟಿ ಖಾಲಿಯಾಯಿತು.

ಮುಂದಿನ ಗೂಡಿನ ಕಾಲ ಬಂದಾಗ ಕಾಗೆ ಶಟರಿನ ಸದ್ದಿಗೆ ಮತ್ತೆ ಹಾಜರಾಯಿತು. ಅಕ್ಕ ಹಳೆಯ ಪೊರಕೆಗಳನ್ನು ಬಿಚ್ಚಿ ಕಡ್ಡಿಗಳನ್ನು ತಾರಸಿಯ ಗೋಡೆಯ ಮೇಲೆ ಸಾಲಾಗಿ ಇಟ್ಟಿದ್ದಳು. ಕಾಗೆ ಒಂದನ್ನು ಎತ್ತಿ, ಬಗ್ಗಿಸಿ, ಕೆಳಗೆ ಹಾಕಿತು. ಇನ್ನೊಂದನ್ನು ಎತ್ತಿ ಅದನ್ನೂ ಹಾಕಿತು. ಕತ್ತು ಓರೆ ಮಾಡಿ ಅವಳನ್ನೇ ನೋಡಿತು.

"ಹಾಗೆ ನೋಡ್ಬೇಡ. ನಿಮ್ಮಜ್ಜಿ ಕಡ್ಡಿಯಲ್ಲೇ ಗೂಡು ಕಟ್ಟಿದ್ದು," ಅಂದಳು ಅಕ್ಕ.

ಬಹಳ ಹೊತ್ತಿನ ಮೇಲೆ ಅದು ಒಂದು ಕಡ್ಡಿಯನ್ನು ಕಚ್ಚಿಕೊಂಡು ಹಾರಿತು. ಬುಟ್ಟಿಯ ಕಡೆಗಲ್ಲ, ಬ್ಯಾಂಕಿನ ಮೇಲಿಂದ, ಮೂಲೆಯ ಆಚೆಗೆ. ಆ ಕಡೆ ಇನ್ನೂ ಎಷ್ಟೋ ಕಂಬಗಳಿದ್ದವು. ಅದು ಯಾವುದರ ಮೇಲೆ ಕೂರುತ್ತದೋ ನೋಡಲು ಅಕ್ಕ ಸೆರಗು ಸಿಕ್ಕಿಸಿಕೊಂಡು ಬೀದಿಗಿಳಿದಳು. ಮೂಲೆಯವರೆಗೆ ಹೋದವಳು ನಿಂತಳು, ತಿರುಗಿ ಬಂದಳು, ಮೇನ್ ಸ್ವಿಚ್ಚಿನ ಹಿಡಿ ನೋಡಿದಳು, ಮತ್ತೆ ಹೊರಟಳು.